ಡೆಸ್ಕ್‌ಟಾಪ್ ಬದಲಿಸುವ ಸರ್

ಕಾಲೇಜಿನ ವಾರ್ಷಿಕ ಸಂಚಿಕೆಗೆ, ಹೋದ ವರ್ಷ ನಿವೃತ್ತರಾದ ಸಹೋದ್ಯೋಗಿಯೊಬ್ಬರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಬರೆದುಕೊಟ್ಟೆ. ಸ್ವಲ್ಪ ದಿನ ಬಿಟ್ಟು ವಾಪಸ್ ತಂದರು. ‘ಭಾಳ ಖಾರ ಆಗೈತ್ರಿ ಸರ. ಸರಳ, ಸಜ್ಜನ, ವಿದ್ಯಾರ್ಥಿಗಳ ಅಚ್ಚುಮೆಚ್ಚಿನವರು ಅಂತ ಎಲ್ಲೆರ ಒಂದ ಕಡೆ ಸೇರಸ್ರಿ’ ಅಂದರು. ಅವರು ಸರಳರಾಗಿರಲಿಲ್ಲ. ಸಜ್ಜನಿಕೆಯ ಬಗ್ಗೆ ನನಗೆ ಖಾತ್ರಿ ಇಲ್ಲ. ವಿದ್ಯಾರ್ಥಿಗಳು ಅವರನ್ನು ಕಂಡರೆ ಇನ್ನೊಂದು ಮೆಟ್ಟಿಲಿನಿಂದ ಇಳಿದು ಹೋಗುತ್ತಿದ್ದರು. ಹೀಗಾಗಿ ನನ್ನ ಲೇಖನದ ಜಾಗದಲ್ಲಿ ಎನ್ನೆಸ್ಸೆಸ್ ಶಿಬಿರದಲ್ಲಿ ಸಲಿಕೆ ಹಿಡಿದು ನಿಂತ ಪ್ರಾಚಾರ್ಯರ ಫೋಟೋ ಬಂತು. ಅಲ್ಲಿ ಹಿಡಿಸದ್ದನ್ನು ಇಲ್ಲಿ ಇನ್ನೊಂದಿಷ್ಟು ಒಗ್ಗರಣೆ ಹಾಕಿ ಬಡಿಸುತ್ತಿದ್ದೇನೆ.

ಹೆಸರು ಹೇಳುವುದಿಲ್ಲ. ಹೇಳದಿದ್ದರೂ ಬನಹಟ್ಟಿಯ ಅರ್ಧ ಊರಿಗೆ ಗೊತ್ತಾಗುತ್ತದೆ. ಹೇಳಿದರೆ ಜಮಖಂಡಿಯಿಂದ ಅವರೇ ಬಂದುಬಿಡುತ್ತಾರೆ.

ಅವರು ಕಾಮರ್ಸ್ ಕಲಿಸುವವರು, ನಾನು ಇತಿಹಾಸ. ಅವರ ಮನೆ ಜಮಖಂಡಿಯಲ್ಲಿ, ದಿನಾ ಬೆಳಿಗ್ಗೆ ಬಸ್ಸಿಗೆ ಬನಹಟ್ಟಿಯ ನಮ್ಮ ಕಾಲೇಜಿಗೆ ಬರುತ್ತಿದ್ದರು. ಯಾವ ಕಾಲದಲ್ಲೋ ಬೇಸಿಗೆ ರಜೆಯಲ್ಲಿ ಒಂದು ಕಂಪ್ಯೂಟರ್ ಕೋರ್ಸ್ ಮಾಡಿದ್ದರಂತೆ. ಆ ಒಂದು ಸರ್ಟಿಫಿಕೇಟಿನ ಬಲದ ಮೇಲೆ ಕಚೇರಿ, ಸ್ಟಾಫ್ ರೂಮು, ಗ್ರಂಥಾಲಯ ಎಲ್ಲ ಕಡೆಯ ಕಂಪ್ಯೂಟರುಗಳೂ ಅವರ ತಾಬಾದಲ್ಲಿದ್ದವು. ನಾವೆಲ್ಲ ಐಡಿ ಕಾರ್ಡ್ ನೇತುಹಾಕಿಕೊಳ್ಳುವ ದಾರದಲ್ಲಿ ಅವರು ಪೆನ್‌ಡ್ರೈವ್‌ಗಳ ಗೊಂಚಲು ನೇತುಹಾಕಿಕೊಳ್ಳುತ್ತಿದ್ದರು. ನಡೆದರೆ ಕಟಕಟ ಸದ್ದಾಗುತ್ತಿತ್ತು. ಪಾಠದ ಮಧ್ಯೆ ಕಾರಿಡಾರಿನಲ್ಲಿ ಆ ಸದ್ದು ಕೇಳಿದರೆ, ಯಾರದೋ ಕಂಪ್ಯೂಟರ್ ಕೆಟ್ಟಿದೆ, ಸರ್ ಹೊರಟಿದ್ದಾರೆ ಎಂದು ನಮ್ಮ ಹುಡುಗರಿಗೂ ತಿಳಿಯುತ್ತಿತ್ತು.

ಅವರನ್ನು ಯಾರಾದರೂ ಕರೆಯಬೇಕು. ಆ ಮನುಷ್ಯನ ಇಡೀ ಜೀವ ಅದರಲ್ಲೇ ಇತ್ತು. ಸಂಬಳ, ಬಡ್ತಿ, ಮಂಡಳಿಯವರ ಶಾಲು ಇವೆಲ್ಲ ಅವರಿಗೆ ಬೇಡವಾಗಿದ್ದವು ಎಂದಲ್ಲ. ಆದರೆ ‘ಸರ, ಒಂಚೂರು ಬರ್ರಿ, ಇದು ಯಾಕೋ ಹಿಂಗ ಮಾಡಾಕತ್ತೈತಿ’ ಎಂಬ ಒಂದು ಕರೆ ಬಂದರೆ ಅವರ ಮುಖಕ್ಕೆ ಬರುವ ಕಳೆಯೇ ಬೇರೆ. ಕರೆದ ಕೂಡಲೇ ಓಡಿ ಬರುತ್ತಿರಲಿಲ್ಲ. ಫೋನನ್ನು ಪೂರ್ತಿ ರಿಂಗಾಗಲು ಬಿಟ್ಟು, ಎರಡನೇ ಸಲ ಮಾಡಿದಾಗ ಎತ್ತಿ, ‘ಕ್ಲಾಸಿನ್ಯಾಗ ಇದ್ದೆ’ ಅನ್ನುತ್ತಿದ್ದರು. ನಾನು ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿಯಲ್ಲೇ ಕುಳಿತಿರುತ್ತಿದ್ದೆ. ಆಮೇಲೆ ಎದ್ದು, ಕಾರಿಡಾರಿನ ನಟ್ಟನಡುವೆ, ಎಲ್ಲರಿಗೂ ಕಾಣುವ ಹಾಗೆ ನಿಧಾನಕ್ಕೆ ನಡೆಯುವುದು. ಕುರ್ಚಿಯಲ್ಲಿದ್ದವರನ್ನು ಎಬ್ಬಿಸಿ ತಾವು ಕೂರುವುದು. ಕರವಸ್ತ್ರದಿಂದ ಕೀಬೋರ್ಡ್ ಒರೆಸುವುದು. ಬೆರಳು ನೆಟಿಗೆ ಮುರಿಯುವುದು. ಆಮೇಲೆ ಪೊಲೀಸ್ ಸ್ಟೇಶನ್ನಿನಲ್ಲಿ ಕೇಳಿದ ಹಾಗೆ ಒಂದೇ ಪ್ರಶ್ನೆ:

‘ಏನ ಒತ್ತಿದ್ರಿ?’

‘ಏನೂ ಒತ್ತಿಲ್ರಿ ಸರ.’

‘ಒತ್ತಲಾರದ ಹೆಂಗ ಆಗ್ತೈತ್ರಿ? ಖರೆ ಹೇಳ್ರಿ.’

ಕಚೇರಿಯ ಗುಮಾಸ್ತೆ ಶಾಂತಕ್ಕ ಒಮ್ಮೆ ಈ ವಿಚಾರಣೆಗೆ ಬೇಸತ್ತು, ‘ಒತ್ತೇನ್ರಿ ಸರ. ಎಲ್ಲಾ ಒತ್ತೇನಿ. ನಿಮ್ಮ ಕುತಗಿ ಒಂದ ಬಿಟ್ಟು’ ಅಂದಳು. ಶಾಂತಕ್ಕ ನೇಕಾರರ ಮನೆಯವಳು. ಮನೆಯಲ್ಲಿ ಹಗಲೆಲ್ಲ ಮಗ್ಗದ ಸದ್ದಿನ ಮೇಲೆ ಮಾತಾಡಿ ರೂಢಿ, ಹಾಗಾಗಿ ಅವಳು ಮೆಲ್ಲಗೆ ಆಡಿದ್ದೂ ಪ್ರಾಚಾರ್ಯರ ಚೇಂಬರಿಗೆ ಕೇಳುತ್ತದೆ. ಅವತ್ತೂ ಕೇಳಿತು. ಪ್ರಾಚಾರ್ಯರು ಹೊರಗೆ ಬರಲಿಲ್ಲ, ಒಳಗೇ ಕೆಮ್ಮಿದರು.

ನಮ್ಮ ಕಾಲೇಜಿಗೆ ಲಿನಕ್ಸ್ ಬಂದ ಕತೆಯನ್ನು ಹೇಳಬೇಕು. ಮೊದಲು ನಮ್ಮಲ್ಲಿದ್ದ ಕಂಪ್ಯೂಟರುಗಳಿಗೆ ರೊಕ್ಕ ಕೊಡದೆ, ಅಂಗಡಿಯವನಿಗೆ ಚಹಾ ಕುಡಿಸಿ ವಿಂಡೋಸ್ ಹಾಕಿಸಿಕೊಂಡಿದ್ದರು. ಹೀಗೆ ಹಾಕಿಸಿಕೊಂಡವರಿಗೆ ದಂಡ ಬೀಳುತ್ತದೆ ಎಂದು ಆಡಳಿತ ಮಂಡಳಿಯ ಅಧ್ಯಕ್ಷರ ಕಿವಿಗೆ ಯಾರೋ ಊದಿದರು. ಅಧ್ಯಕ್ಷರು ಸೀರೆ ವ್ಯಾಪಾರಿಗಳು. ದಂಡ ಅನ್ನುವ ಮಾತು ಕೇಳಿದರೆ ಅವರಿಗೆ ಜ್ವರ ಬರುತ್ತದೆ. ಕೂಡಲೇ ಸಭೆ ಕರೆದರು. ಆ ಸಭೆಯಲ್ಲಿ ನಮ್ಮ ಸರ್ ಎದ್ದು ನಿಂತು, ಪೆನ್‌ಡ್ರೈವಿನ ಗೊಂಚಲು ಸರಿಮಾಡಿಕೊಂಡು, ‘ವಿಂಡೋಸ್ ತಗದು ಲಿನಕ್ಸ್ ಹಾಕೋಣ್ರಿ’ ಅಂದರು.

‘ಎಷ್ಟ ಬೀಳ್ತೈತಿ?’ ಅಧ್ಯಕ್ಷರು ಕೇಳಿದರು.

‘ಏನೂ ಇಲ್ರಿ. ಪುಕ್ಕಟೆ.’

‘ಪುಕ್ಕಟೆ ಅಂದ್ರ ಒಳಗ ಏನೋ ಐತಿ ನೋಡ್ರಿ ಮತ್ತ.’

‘ಏನೂ ಇಲ್ರಿ ಸಾಹೇಬ್ರ. ಜಗತ್ತಿನ ಜನಾ ಎಲ್ಲಾ ಕೂಡಿ ಮಾಡಿದ್ದು. ಯಾರೂ ಮಾಲಕರಿಲ್ಲ.’

ಮಾಲಕರಿಲ್ಲದ ವಸ್ತುವೊಂದು ಜಗತ್ತಿನಲ್ಲಿ ಇದೆ ಎಂಬುದನ್ನು ಅಧ್ಯಕ್ಷರು ಬಹಳ ಹೊತ್ತು ಜೀರ್ಣಿಸಿಕೊಳ್ಳಲು ಒದ್ದಾಡಿದರು. ಕೊನೆಗೆ ‘ಹಾಕ್ರಿ’ ಅಂದರು.

ಹಾಕಿದ್ದೇನೋ ಒಳ್ಳೆಯದೇ ಆಯಿತು, ಸುಳ್ಳು ಹೇಳಬಾರದು. ಆ ಮೊದಲನೆಯ ಡೆಸ್ಕ್‌ಟಾಪ್ ಅಂದರೆ ಕಂಪ್ಯೂಟರ್ ಹಚ್ಚಿದರೆ ಕಾಣುವ ಮೊದಲ ನೋಟ, ಸೀದಾ ಸಾದಾ ಇತ್ತು. ಇಂಥ ನೋಟಗಳು ಲಿನಕ್ಸಿನಲ್ಲಿ ಹಲವಾರು ಪುಕ್ಕಟೆ ಸಿಗುತ್ತವಂತೆ. ಹಿಂದೆ ಹಸಿರು ಗುಡ್ಡದ ಚಿತ್ರ. ಕೆಳಗೆ ಎಡಗಡೆ ಮೂಲೆಯಲ್ಲಿ ಒಂದು ಗುಂಡಿ. ಒತ್ತಿದರೆ ಬೇಕಾದದ್ದೆಲ್ಲ ಸಾಲಾಗಿ ಕಾಣುತ್ತಿತ್ತು. ಬಂದ್ ಮಾಡುವ ಗುಂಡಿ ಅದರ ತಳದಲ್ಲೇ. ಮೊದಮೊದಲು ಗದ್ದಲವಾಯಿತು, ಸರ್ ಗಾಣದೆತ್ತಿನ ಹಾಗೆ ತಿರುಗಿದರು, ಅವರ ಗೊಂಚಲಿನ ಸದ್ದು ಕಾಲೇಜಿನ ಗಂಟೆಗಿಂತ ಹೆಚ್ಚು ಕೇಳಿತು. ಆಮೇಲೆ ಎಲ್ಲರೂ ಕಲಿತರು. ಶಾಂತಕ್ಕ ಎಲ್ಲರಿಗಿಂತ ಮೊದಲು ಕಲಿತಳು. ಟಿ.ಸಿ. ಬೇಡಿ ಬಂದ ಹುಡುಗ ಕಿಟಕಿಯಲ್ಲಿ ತನ್ನ ಹೆಸರು ಹೇಳಿ ಮುಗಿಸುವುದರೊಳಗೆ ಪ್ರಿಂಟ್ ತೆಗೆದುಕೊಡುತ್ತಿದ್ದಳು. ಪ್ರಾಚಾರ್ಯರು ಕೂಡ ಯಾರ ಸಹಾಯವೂ ಇಲ್ಲದೆ ಇಸ್ಪೀಟ್ ಆಟ ತೆಗೆಯುವುದನ್ನು ರೂಢಿ ಮಾಡಿಕೊಂಡರು.

ನಮಗೆಲ್ಲ ಸುಖವಾದ ಆ ದಿನಗಳಲ್ಲಿ ಸರ್ ಸೊರಗಿದರು. ಫೋನ್ ಬರುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಕುಳಿತು ಅದನ್ನು ಎತ್ತಿ ನೋಡುವುದು, ಇಡುವುದು. ಕಚೇರಿಯ ಬಾಗಿಲಿಗೆ ಹೋಗಿ ‘ಏನರ ತೊಂದರಿ ಐತೇನ್ರಿ?’ ಎಂದು ಕೇಳುವುದು. ‘ಇಲ್ರಿ ಸರ, ಛಲೋ ನಡದೈತಿ’ ಎಂದು ಶಾಂತಕ್ಕ ಸ್ಕ್ರೀನಿನಿಂದ ಕಣ್ಣು ತೆಗೆಯದೆ ಹೇಳುವುದು. ಅವರು ಅಲ್ಲೇ ಸ್ವಲ್ಪ ಹೊತ್ತು ನಿಂತು, ಕ್ಯಾಲೆಂಡರಿನ ಹಾಳೆ ಸರಿಯಾಗಿದೆಯೋ ಇಲ್ಲವೋ ನೋಡಿ, ವಾಪಸ್ ಬರುವುದು. ಹೀಗೆ ಕೆಲವು ತಿಂಗಳು ನಡೆಯಿತು. ಆಮೇಲೆ ಒಂದು ಸೋಮವಾರ ನಾವು ಬಂದು ನೋಡಿದರೆ ಹಸಿರು ಗುಡ್ಡ ಇಲ್ಲ, ಮೂಲೆಯ ಗುಂಡಿ ಇಲ್ಲ, ಕೆಳಗಿನ ಪಟ್ಟಿ ಮೇಲಕ್ಕೆ ಹೋಗಿ ಕುಳಿತಿದೆ.

‘ಹೊಸಾ ಡೆಸ್ಕ್‌ಟಾಪ್ ರೀ’ ಅಂದರು ಸರ್, ಬಾಗಿಲಲ್ಲಿ ನಿಂತು. ಮುಖ ಅರಳಿತ್ತು. ‘ಟ್ರೈ ಮಾಡಿ ನೋಡ್ರಿ.’

ಟ್ರೈ ಮಾಡಿ ನೋಡಿದೆವು. ಪಾಯಿಂಟರನ್ನು ತಪ್ಪಿ ಎಡ ಮೂಲೆಗೆ ಒಯ್ದರೆ ತೆರೆದಿದ್ದ ಕಿಟಕಿಗಳೆಲ್ಲ ಹೊಳೆಗೆ ನೆರೆ ಬಂದಾಗ ಅನಗವಾಡಿಯ ಕಡೆಯ ಜನ ಸಾಮಾನು ಹೊತ್ತು ದಿಕ್ಕಾಪಾಲಾದ ಹಾಗೆ ಸಣ್ಣಸಣ್ಣದಾಗಿ ಚದುರಿಬಿಡುತ್ತಿದ್ದವು. ಕಿಟಕಿಯನ್ನು ಕೆಳಗೆ ಇಳಿಸುವ ಚಿಹ್ನೆಯನ್ನೇ ತೆಗೆದುಹಾಕಿದ್ದರು. ಅದು ಬೇಕಿಲ್ಲವಂತೆ. ಕಂಪ್ಯೂಟರ್ ಬಂದ್ ಮಾಡುವ ಗುಂಡಿ ಎಲ್ಲಿದೆ ಎಂದು ಯಾರಿಗೂ ಸಿಗಲಿಲ್ಲ. ಇಂಗ್ಲಿಷ್ ವಿಭಾಗದವರು ಸಂಜೆ ತಮ್ಮದನ್ನು ಹಾಗೇ ಬಿಟ್ಟು, ಮೇಲೆ ಒಂದು ಟಾವೆಲ್ ಹೊದಿಸಿ ಮನೆಗೆ ಹೋದರು. ನನ್ನ ಕಡತಗಳನ್ನು ಹುಡುಕಿಸಿಕೊಳ್ಳಲು ನಾನೂ ‘ಸರ, ಒಂಚೂರು ಬರ್ರಿ’ ಅಂದೆ. ಪಕ್ಕದ ಕುರ್ಚಿಯಲ್ಲೇ ಇದ್ದರು. ಆದರೂ ಕಾರಿಡಾರಿಗೆ ಹೋಗಿ ಒಂದು ಸುತ್ತು ಹಾಕಿ ಬಂದರು.

ಇನ್ನೊಂದು ವರ್ಷ ಬಂದದ್ದು ಚೌಕದ ಡೆಸ್ಕ್‌ಟಾಪ್. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಸ್ಕ್ರೀನು ಪೂರ್ತಿ ಪೆಟ್ಟಿಗೆಯ ಹಾಗೆ ಗರಗರ ತಿರುಗುತ್ತಿತ್ತು. ಕಿಟಕಿಯನ್ನು ಹಿಡಿದು ಎಳೆದರೆ ಹಪ್ಪಳದ ಹಿಟ್ಟಿನ ಹಾಗೆ ಜಗ್ಗುತ್ತಿತ್ತು. ಇಸ್ಪೀಟ್ ತೆಗೆಯಲು ಹೋದ ಪ್ರಾಚಾರ್ಯರು ಟೇಬಲ್ಲು ಹಿಡಿದುಕೊಂಡು, ‘ನಿಲ್ಲಸ್ರಿ ಇದನ್ನ, ನನಗ ಬಿ.ಪಿ. ಐತಿ’ ಎಂದು ಕೂಗಿದರು. ಸರ್ ಹೋಗಿ ನಿಲ್ಲಿಸಿದರು. ಹೇಗೆ ನಿಲ್ಲಿಸಿದಿರಿ ಎಂದು ಕೇಳಿದರೆ, ‘ಅದು ಸೆಟ್ಟಿಂಗ್ಸಿನ್ಯಾಗ ಐತ್ರಿ’ ಅಂದರು. ಅವರ ಯಾವ ವಿದ್ಯೆಯೂ ಆ ಒಂದು ಮಾತಿನಿಂದ ಆಚೆಗೆ ನಮಗೆ ಬರಲಿಲ್ಲ. ಕಲಿಸಿ ಎಂದರೆ ‘ನೀವು ಯಾಕ ತಲಿ ಕೆಡಸ್ಕೋತೀರಿ, ನಾ ಇಲ್ಲೇನ್ರಿ?’ ಅನ್ನುತ್ತಿದ್ದರು. ನಾವು ಒಂದನ್ನು ಕಲಿತು, ಫೋನ್ ಮಾಡುವುದು ನಿಂತಿತೋ, ಕೆಲವು ತಿಂಗಳೊಳಗೆ ಇನ್ನೊಂದು ಬರುತ್ತಿತ್ತು. ಈ ಲೆಕ್ಕ ಮೊದಲು ಹಿಡಿದವಳು ಶಾಂತಕ್ಕನೇ. ‘ಸರ, ಕಲ್ತದ್ದನ್ನ ತೋರಸಬ್ಯಾಡ್ರಿ. ಬರೂದಿಲ್ಲ ಅಂತ ವಾರಕ್ಕ ಒಮ್ಮಿ ಫೋನ್ ಮಾಡ್ಕೋತ ಇರ್ರಿ. ಇದ ಉಳೀತೈತಿ’ ಎಂದು ನನಗೆ ಗುಟ್ಟಾಗಿ ಹೇಳಿದಳು. ಗುಟ್ಟು ಅಂದರೆ, ಚೇಂಬರಿಗೂ ಕೇಳಿತು.

ಇಷ್ಟೆಲ್ಲ ಹೊಸತನ್ನು ನಮ್ಮ ತಲೆಗೆ ಕಟ್ಟುವ ಮನುಷ್ಯ ಹೇಗಿರಬೇಕು ಹೇಳಿ. ಕಂದು ಚೌಕುಳಿಯ ಶರ್ಟು, ಅದೇ ಬಟ್ಟೆಯದು ಇನ್ನೂ ಎರಡೋ ಮೂರೋ ಇದ್ದಿರಬೇಕು. ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು. ಬೇರೆಯವರು ಕುಳಿತಿದ್ದರೆ ಖಾಲಿ ಸೀಟಿದ್ದರೂ ಕೂರದೆ ನಿಂತೇ ಬರುತ್ತಿದ್ದರು. ಕ್ಯಾಂಟೀನಿನಲ್ಲಿ ದಿನಾ ಅದೇ ಚುರುಮುರಿಯ ಗಿರಮಿಟ್ಟು, ಅದೇ ಚಹಾ. ಒಮ್ಮೆ ಕ್ಯಾಂಟೀನಿನವನು ಚಹಾಪುಡಿ ಬದಲಿಸಿದಾಗ ಒಂದು ಗುಟುಕು ಕುಡಿದು, ಕಪ್ಪು ಇಟ್ಟು, ‘ಯಾಕ ಬದಲ ಮಾಡಿದಿ? ಮೊದಲಿನದಕ್ಕ ಏನ ಆಗಿತ್ತ?’ ಎಂದು ಅವನನ್ನು ಬೈದರು. ನಾನು ಅಲ್ಲೇ ಇದ್ದೆ. ನಗು ತಡೆಯಲಾರದೆ ಗಿರಮಿಟ್ಟು ನೆತ್ತಿಗೇರಿತು. ಅವರೇ ನೀರು ಕೊಟ್ಟರು. ಯಾಕೆ ನಕ್ಕೆ ಎಂದು ಅವರಿಗೆ ತಿಳಿಯಲೇ ಇಲ್ಲ. ಅದೇ ವಾರ ವಿದ್ಯಾರ್ಥಿಗಳ ಒಕ್ಕೂಟದ ಉದ್ಘಾಟನೆಯಲ್ಲಿ ‘ಬದಲಾವಣೆಗೆ ಹೆದರಬಾರದು’ ಎಂಬ ವಿಷಯದ ಮೇಲೆ ಭಾಷಣ ಮಾಡಿ, ಹುಡುಗರು ಊಟಕ್ಕೆ ಎದ್ದು ಹೋದ ಮೇಲೂ ಮುಂದುವರಿಸಿದರು.

ಅವರ ಪತನವಾದದ್ದು ಖಂಡೇ ನವಮಿಯ ದಿನ.

ನಮ್ಮ ಕಡೆ ಆ ದಿನ ಮಗ್ಗ ಇರಲಿ, ಟ್ರ್ಯಾಕ್ಟರ್ ಇರಲಿ, ಹಿಟ್ಟಿನ ಗಿರಣಿ ಇರಲಿ, ಪೂಜೆ ಮಾಡಿ ನಿಲ್ಲಿಸಿಬಿಡುತ್ತಾರೆ. ಮುಟ್ಟುವುದಿಲ್ಲ. ಊರಿಗೆ ಊರೇ ಗಪ್ಪಾಗಿರುತ್ತದೆ. ಬನಹಟ್ಟಿಯಲ್ಲಿ ಮಗ್ಗದ ಸದ್ದಿಲ್ಲದ ಆ ದಿನ ಹೊಸಬರಿಗೆ ಕಿವಿ ಕೆಟ್ಟಿತೇನೋ ಅನ್ನಿಸುತ್ತದೆ. ಕಾಲೇಜಿನಲ್ಲೂ ಕಂಪ್ಯೂಟರಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡು ಹೂವಿನ ಮಾಲೆ ಹಾಕಿ, ಕಾಯಿ ಒಡೆಯುತ್ತೇವೆ. ಆ ವರ್ಷ ಸರ್‌ಗೆ ನಿವೃತ್ತಿ ಹತ್ತಿರ ಬಂದಿತ್ತು. ನಾವೆಲ್ಲ ಚೌಕದ ಡೆಸ್ಕ್‌ಟಾಪನ್ನೂ ಪಳಗಿಸಿಕೊಂಡಿದ್ದೆವು. ದಸರಾ ರಜೆ ಮುಗಿಸಿ ಬಂದು ನೋಡಿದರೆ ಎಲ್ಲ ಹೊಸದಾಗಿರಬೇಕು ಎಂದು ಯೋಚಿಸಿ, ಪೂಜೆಯ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಕಚೇರಿಯ ಕಂಪ್ಯೂಟರುಗಳಿಗೆಲ್ಲ ಹೊಸ ಡೆಸ್ಕ್‌ಟಾಪ್ ಹಾಕಲು ಹಚ್ಚಿ, ಸ್ಕ್ರೀನು ಮಾತ್ರ ಆರಿಸಿ, ಏನೂ ಅರಿಯದವರ ಹಾಗೆ ಪ್ರಸಾದಕ್ಕೆ ಬಂದು ನಿಂತರು.

ಶಾಂತಕ್ಕ ಕುಂಕುಮದ ಬಟ್ಟಲು ಹಿಡಿದು ಕಂಪ್ಯೂಟರಿನ ಡಬ್ಬಿಗೆ ಬೊಟ್ಟು ಇಡಲು ಬಗ್ಗಿದಾಗ ಒಳಗೆ ಫ್ಯಾನು ಗುಂಯ್ ಅನ್ನುತ್ತಿರುವುದು ಕೇಳಿತು. ಅವಳು ಯಾರನ್ನೂ ಕೇಳಲಿಲ್ಲ. ಮೇನ್ ಸ್ವಿಚ್ಚು ತೆಗೆದಳು, ಕೈಮುಗಿದಳು, ಮಾಲೆ ಹಾಕಿದಳು. ಮರುದಿನ ನಾವೆಲ್ಲ ಬನ್ನಿ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಹೇಳಿಕೊಂಡೆವು. ರಜೆ ಮುಗಿದು ಕಚೇರಿ ತೆರೆದು ಸ್ವಿಚ್ಚು ಹಾಕಿದರೆ, ಬಾಡಿದ ಚೆಂಡು ಹೂವಿನ ಹಿಂದೆ ಪ್ರತಿ ಸ್ಕ್ರೀನೂ ಕರ್ರಗಿತ್ತು. ಮೇಲ್ಗಡೆ ಒಂದು ಬಿಳಿ ಗೆರೆ ಮಾತ್ರ ಮಿಣುಕುತ್ತಿತ್ತು. ಕಿಟಕಿಯಲ್ಲಿ ಟಿ.ಸಿ.ಗೆ ಬಂದ ಹುಡುಗರ ಸಾಲು.

‘ಯಾಂವ ಬಂದ್ ಮಾಡಿದಾಂವ?’ ಸರ್ ಕೂಗಿದರು.

‘ಯಾಂವ ಅಲ್ರಿ, ನಾನ ಮಾಡೇನಿ’ ಅಂದಳು ಶಾಂತಕ್ಕ. ‘ಪೂಜಿ ದಿವಸ ಹೊಟ್ಟಿಗೆ ಹಾಕೂ ಮಗ್ಗಾನ ನಿಲ್ಲಸ್ತೇವಿ ನಾವು. ನಿಮ್ಮ ಡಬ್ಬಿ ಅದಕ್ಕಿಂತ ದೊಡ್ಡದೇನ್ರಿ?’

‘ಅದು ಅರ್ಧಾ ಕೆಲಸದಾಗ ಇತ್ತವಾ! ಯುಪಿಎಸ್ ಇತ್ತಲ್ಲ, ಅದರ ಮ್ಯಾಲರ ನಡೀತಿತ್ತು!’

‘ಹೌದ್ರಿ, ಅದೊಂದು ಕೀಂ ಕೀಂ ಅಂತ ಅಳಾಕತ್ತಿತ್ತು. ಅದನ್ನೂ ಬಂದ್ ಮಾಡಿದೆ.’

‘ಅಯ್ಯೋ ತಂಗಿ, ಅರ್ಧಾಕ್ಕ ನಿಲ್ಲಸಬಾರದವಾ ಅದನ್ನ!’

‘ಅರ್ಧಾ ನೇಯ್ದ ಸೀರಿ ಮ್ಯಾಲೂ ಕುಂಕುಮ ಹಚ್ಚಿ ನಿಲ್ಲಸ್ತೇವ್ರಿ. ಮರುದಿನ ಅಲ್ಲಿಂದನ ನೇಯತೇವಿ. ನಿಮ್ದಕ್ಕ ಅಷ್ಟೂ ತಿಳಿಯಾಂಗಿಲ್ಲೇನು?’

ಸರ್ ಬಾಡಿದ ಮಾಲೆ ಸರಿಸಿ ಒಂದು ಪೆನ್‌ಡ್ರೈವ್ ಸಿಕ್ಕಿಸಿದರು. ನನಗೆ ಈ ಜಗಳದಲ್ಲಿ ಯಾವ ಪಾಲೂ ಇರಲಿಲ್ಲ, ಹಾಗಾಗಿ ಆರಾಮಾಗಿ ನಿಂತು ನೋಡಿದೆ.

ಆ ವಾರ ಅವರು ಇಡೀ ಕಾಲೇಜಿನ ಕೇಂದ್ರವಾಗಿದ್ದರು. ಫೋನಿಗೆ ಬಿಡುವಿರಲಿಲ್ಲ. ಮಂಡಳಿಯ ಅಧ್ಯಕ್ಷರೇ ಖುದ್ದಾಗಿ ‘ಏನ ಆತ್ರಿ ಅದು?’ ಎಂದು ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ಕುಸಿದು ಕೂರುತ್ತಿದ್ದರು. ಇವರು ಮಾತ್ರ ಪೆನ್‌ಡ್ರೈವ್ ಮೇಲೆ ಪೆನ್‌ಡ್ರೈವ್ ಸಿಕ್ಕಿಸಿ, ಚಹಾದ ಮೇಲೆ ಚಹಾ ತರಿಸಿ, ಕಣ್ಣಲ್ಲಿ ಹೊಳಪು ತಂದುಕೊಂಡು ಓಡಾಡಿದರು. ಕಂಪ್ಯೂಟರ್ ಮಾತ್ರ ಏಳಲಿಲ್ಲ.

ಎಬ್ಬಿಸಿದವಳು ಬೀಳಗಿಯಿಂದ ಬರುತ್ತಿದ್ದ ಅತಿಥಿ ಉಪನ್ಯಾಸಕಿ, ಕಂಪ್ಯೂಟರ್ ಸೈನ್ಸ್ ಹುಡುಗಿ. ತನ್ನ ಒಂದು ಪೀರಿಯಡ್ ಬಿಡುವಿದ್ದಾಗ ಬಂದು, ಯಾರನ್ನೂ ‘ಏನ ಒತ್ತಿದ್ರಿ’ ಎಂದು ಕೇಳದೆ, ಶಾಂತಕ್ಕನ ಕಡತಗಳನ್ನೆಲ್ಲ ಮೊದಲು ಬೇರೆ ಕಡೆ ತೆಗೆದಿಟ್ಟುಕೊಂಡು, ಎಲ್ಲವನ್ನೂ ಹೊಸದಾಗಿ ಹಾಕಿದಳು. ಕೆಳಗೆ ಪಟ್ಟಿ, ಮೂಲೆಯಲ್ಲಿ ಗುಂಡಿ. ‘ಇನ್ನ ನಾಕೈದ ವರ್ಷ ಇದಕ್ಕ ಯಾರೂ ಕೈ ಹಚ್ಚೂದು ಬ್ಯಾಡ್ರಿ’ ಎಂದು ಹೇಳಿ ಮುಂದಿನ ಕ್ಲಾಸಿಗೆ ಹೋದಳು. ಶಾಂತಕ್ಕ ಅವಳ ಬೆನ್ನ ಹಿಂದೆ ನೆಟಿಗೆ ಮುರಿದು ದೃಷ್ಟಿ ತೆಗೆದಳು. ಸರ್ ಪಕ್ಕದಲ್ಲಿ ನಿಂತಿದ್ದರು. ‘ನಾನೂ ಅದನ್ನ ಮಾಡಾಂವ ಇದ್ದೆ’ ಅಂದರು. ಯಾರೂ ಅವರ ಕಡೆ ನೋಡಲಿಲ್ಲ, ಟಿ.ಸಿ. ಪ್ರಿಂಟಾಗಿ ಬರುವುದನ್ನು ನೋಡುತ್ತಿದ್ದೆವು.

ಅಂದಿನಿಂದ ಕರೆಗಳು ಬೀಳಗಿಯ ಹುಡುಗಿಗೆ ಹೋದವು. ಸರ್ ಉಳಿದ ತಿಂಗಳುಗಳನ್ನು ಕಳೆದ ರೀತಿಯನ್ನು ಹೇಳಿಬಿಡುತ್ತೇನೆ, ಸಂಚಿಕೆಯವರಿಗೆ ಖಾರವಾದದ್ದು ಇದೇ. ಬೆಳಿಗ್ಗೆ ಬಂದರೆ ಯಾವುದೋ ಕಂಪ್ಯೂಟರಿನ ವೈರು ಬಿಟ್ಟುಕೊಂಡಿರುತ್ತಿತ್ತು. ಒಂದು ದಿನ ಕೀಬೋರ್ಡಿನದು, ಇನ್ನೊಂದು ದಿನ ಪ್ರಿಂಟರಿನದು. ನಾವು ಗಮನಿಸುವುದರೊಳಗೆ ಸರ್ ಬಾಗಿಲಲ್ಲಿ ಇರುತ್ತಿದ್ದರು, ‘ಏನರ ತೊಂದರಿ ಆಗೈತೇನ್ರಿ?’ ಕಾಲೇಜಿನ ಸಿಪಾಯಿ ತಪ್ಪನ್ನು ಇಲಿಯ ಮೇಲೆ ಹಾಕಿ, ಇಲಿ ಔಷಧ ತಂದ. ಒಂದು ದಿನ ಮಾನಿಟರಿನ ವೈರೇ ಕಳಚಿ ಬಿದ್ದಿತ್ತು. ಶಾಂತಕ್ಕ ಅದರ ಮೂತಿಯನ್ನು ಕೈಯಲ್ಲಿ ಹಿಡಿದು ನೋಡಿ, ‘ಇಲಿ ಹಲ್ಲ ಹಚ್ಚತೈತ್ರಿ ಸರ, ಸ್ಕ್ರೂ ಬಿಚ್ಚೂದಿಲ್ಲ’ ಅಂದಳು. ಸರ್ ಸ್ಕ್ರೂ ತಿರುಗಿಸಿ ಕೂಡಿಸಿದರು. ನಂತರ ವೈರು ಬಿಟ್ಟುಕೊಳ್ಳಲಿಲ್ಲ.

ಬೀಳ್ಕೊಡುಗೆಯಲ್ಲಿ ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ ಕೊಟ್ಟೆವು. ಪ್ರಾಚಾರ್ಯರು ಎಲ್ಲರ ಬೀಳ್ಕೊಡುಗೆಯಲ್ಲೂ ಹೇಳುವುದನ್ನೇ ಹೇಳಿದರು: ಇವರಿಲ್ಲದೆ ಕಾಲೇಜು ಹೇಗೆ ನಡೆಯುತ್ತದೋ ತಿಳಿಯದು. ಬರೀ ಮಾತಿಗೆ ಆಡಿದ ಮಾತದು. ಸರ್ ಅದನ್ನು ಖರೆ ಎಂದು ತಿಳಿದುಕೊಂಡರು. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ‘ಚಿಂತಿ ಮಾಡಬ್ಯಾಡ್ರಿ, ಫೋನ್ ಚಾಲೂ ಇಟ್ಟಿರ್ತೀನಿ’ ಅಂದರು. ಚಪ್ಪಾಳೆ ಬಿತ್ತು.

ಮೊನ್ನೆ ಜಮಖಂಡಿಯಲ್ಲಿ ಒಂದು ಲಗ್ನಕ್ಕೆ ಹೋಗಿದ್ದೆ. ಊಟ ಮುಗಿದ ಮೇಲೆ ಬಸ್ಸಿಗೆ ಹೊತ್ತಿತ್ತು, ಸರ್ ಮನೆ ಅಲ್ಲೇ ನಡೆದು ಹೋಗುವಷ್ಟು ದೂರ, ಹೋದೆ. ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಯಾರಿಗೆ ಏನಾಯಿತೋ ಎಂದು ಲಗುಬಗೆಯಿಂದ ಮೆಟ್ಟಿಲು ಹತ್ತಿದೆ. ಒಳಗೆ ನೋಡಿದರೆ ಮುಂದಿನ ಕೋಣೆಯ ತುಂಬ ಹುಡುಗಿಯರು. ಅವರ ಹೆಂಡತಿ ಹೊಲಿಗೆ ಕ್ಲಾಸು ನಡೆಸುತ್ತಾರೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಸರ್ ಒಮ್ಮೆಯೂ ಹೇಳಿರಲಿಲ್ಲ. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡ ಮುಧೋಳದ ಕಡೆಯ ಆ ಹೆಣ್ಣುಮಗಳು ಒಂದು ಮಶೀನಿನಿಂದ ಇನ್ನೊಂದಕ್ಕೆ ಓಡಾಡುತ್ತಿದ್ದರು. ‘ಅಕ್ಕಾರ, ಇಲ್ಲೆ ನೋಡ್ರಿ’, ‘ಅಕ್ಕಾರ, ದಾರಾ ಹರೀತು’, ‘ಅಕ್ಕಾರ, ಕೊಳ್ಳಾ ಸೊಟ್ಟ ಆಗೈತಿ’. ಒಂದು ಕ್ಷಣ ಬಿಡುವಿಲ್ಲ.

‘ಒಳಗ ಅದಾರ್ರಿ, ಹೋಗ್ರಿ’ ಅಂದರು.

ಒಳಕೋಣೆಯಲ್ಲಿ ಸರ್ ಕಂಪ್ಯೂಟರಿನ ಮುಂದೆ ಕುಳಿತಿದ್ದರು. ಕಂದು ಚೌಕುಳಿ ಶರ್ಟು. ಪಕ್ಕದಲ್ಲಿ ಫೋನು, ಮುಖ ಮೇಲೆ ಮಾಡಿ ಇಟ್ಟದ್ದು. ನನ್ನನ್ನು ಕಂಡು ಸ್ಕ್ರೀನು ಆರಿಸಲು ಕೈ ಹಾಕಿದರು. ಅಷ್ಟರಲ್ಲಿ ನಾನು ನೋಡಿಬಿಟ್ಟಿದ್ದೆ. ಹಸಿರು ಗುಡ್ಡ. ಕೆಳಗೆ ಎಡ ಮೂಲೆಯಲ್ಲಿ ಗುಂಡಿ.

‘ಸರ, ಇದು ನಮ್ಮ ಮೊದಲನೇದಲ್ರೀ?’

‘ಹೂಂ… ಹಿಂಗ, ಪರೀಕ್ಷಾ ಮಾಡಿ ನೋಡೂಣಂತ ಇವತ್ತ ಹಾಕೇನಿ.’

‘ಎಲ್ಲೀ ಪರೀಕ್ಷಾರಿ!’ ಅವರ ಮನೆಯವರು ಬಾಗಿಲಿಗೆ ಬಂದು ಹೇಳಿದರು. ‘ಈ ಡಬ್ಬಿ ಮನಿಗೆ ತಂದಾಗಿಂದ ಅದ ಐತಿ. ಮಗಳು ತವರಿಗೆ ಬಂದಾಗ ಒಮ್ಮಿ ಹಿಂದಿನ ಚಿತ್ರಾ ಬದಲ ಮಾಡಿದ್ಲು. ಅದನ್ನ ತಿರುಗಿ ಹಾಕೂತನಾ ಊಟಕ್ಕ ಏಳಲಿಲ್ಲ ಇವರು.’ ಮುಂದಿನ ಕೋಣೆಯಿಂದ ‘ಅಕ್ಕಾರ’ ಎಂದು ಕೂಗು ಬಂತು, ಅವರು ಹೋದರು.

ನನಗೆ ಸಿಟ್ಟು ಬಂತು. ಸಣ್ಣ ಸಿಟ್ಟಲ್ಲ. ಇಂಗ್ಲಿಷ್ ವಿಭಾಗದವರ ಟಾವೆಲ್ಲು, ಪ್ರಾಚಾರ್ಯರ ಬಿ.ಪಿ., ಒಂದೊಂದು ಕಡತಕ್ಕೂ ಇವರ ಮುಂದೆ ಕೈಕಟ್ಟಿ ನಿಂತ ನನ್ನ ಇಷ್ಟು ವರ್ಷ ಎಲ್ಲ ಒಟ್ಟಿಗೇ ನೆನಪಾದವು. ‘ಮತ್ತ ನಮಗ್ಯಾಕ ಮ್ಯಾಲಿಂದ ಮ್ಯಾಲೆ ಹೊಸಾದು ಹಾಕತಿದ್ರಿ?’ ಎಂದು ಕೇಳಿಯೇಬಿಟ್ಟೆ.

ಸರ್ ಕೀಬೋರ್ಡಿನ ಮೇಲ್ಗಡೆಯ ಧೂಳನ್ನು ಬೆರಳಿನಿಂದ ಒರೆಸಿದರು. ಧೂಳೇನೂ ಇರಲಿಲ್ಲ.

‘ನೀವು ಎಲ್ಲಾರೂ ಕಲ್ತ ಬಿಡತಿದ್ರಿ ಸರ’ ಅಂದರು.

ಅಷ್ಟೇ. ನನಗೆ ಗೊತ್ತಿದ್ದ ಮಾತೇ ಅದು, ಶಾಂತಕ್ಕ ಎಂದೋ ಹೇಳಿದ್ದಳು. ಆದರೆ ಅವರ ಬಾಯಿಂದಲೇ ಬಂದಾಗ ಬೈಯುವುದನ್ನು ಅಲ್ಲಿಗೇ ಬಿಟ್ಟು ಪಕ್ಕದ ಕುರ್ಚಿಯಲ್ಲಿ ಕುಳಿತೆ. ಚಹಾ ಬಂತು. ಕುಡಿದೆವು. ಮುಂದಿನ ಕೋಣೆಯಿಂದ ಅಕ್ಕಾರ, ಅಕ್ಕಾರ ಎಂಬ ಸದ್ದು ನಿಲ್ಲಲೇ ಇಲ್ಲ. ಪ್ರತಿ ಸಲ ಕೂಗು ಬಂದಾಗಲೂ ಸರ್ ತಲೆ ಎತ್ತಿ ಬಾಗಿಲ ಕಡೆ ನೋಡುತ್ತಿದ್ದರು.

‘ಕಾಲೇಜಿನ್ಯಾಗ ಹೆಂಗ ನಡದೈತ್ರಿ, ಸಿಸ್ಟಮ್ ಎಲ್ಲಾ?’ ಕೊನೆಗೆ ಕೇಳಿದರು.

ಸಿಟ್ಟಿನ್ನೂ ಪೂರ್ತಿ ಇಳಿದಿರಲಿಲ್ಲ. ‘ಛಲೋ ನಡದೈತ್ರಿ. ಆ ಹುಡುಗಿ ಮಾಡಿಕೊಟ್ಟಾಗಿಂದ ಒಂದೂ ತೊಂದರಿ ಇಲ್ಲ’ ಅಂದೆ.

‘ಛಲೋ ಆತು’ ಅಂದರು. ‘ಛಲೋ ಆತು ಬಿಡ್ರಿ.’

ಹೊರಡುವಾಗ ಬಾಗಿಲ ತನಕ ಬಂದದ್ದು ಅವರ ಮನೆಯವರು. ಬಾಯಲ್ಲಿದ್ದ ಸೂಜಿಯನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡು, ದನಿ ತಗ್ಗಿಸಿ ಹೇಳಿದರು: ‘ವಾರಕ್ಕ ಒಮ್ಮ್ಯರ ಏನರ ಕೆಡಸ್ರಿ ಅಲ್ಲೆ. ಇಲ್ಲೆ ನನ್ನ ಹುಡುಗ್ಯಾರ ಮಶೀನ್ ಕೆಟ್ಟಾವೇನು ಅಂತ ತಾಸಿಗೊಮ್ಮಿ ಬಂದು ಕೇಳತಾರ್ರಿ. ಕೆಟ್ಟಿರೂದಿಲ್ಲ. ನಿಂತು ಹೋಗತಾರ.’

ನಕ್ಕು ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಬನಹಟ್ಟಿಯ ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕುಳಿತಿದ್ದಾಗ ಸರ್ ಫೋನು ಮಾಡಿದರು.

‘ಸರ,’ ಅಂದರು. ಹಿಂದೆ ಹೊಲಿಗೆ ಮಶೀನುಗಳ ಸದ್ದು. ‘ಖರೇನ ಒಂದೂ ತೊಂದರಿ ಇಲ್ಲೇನ್ರಿ?’

ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಪ್ರಿಂಟರು, ಮೌಸು, ಏನಾದರೊಂದು. ನನ್ನ ಬಾಯಿಗೆ ಅದೊಂದೂ ಬರಲಿಲ್ಲ. ‘ಬಸ್ ಬಂತ್ರಿ ಸರ, ಆಮ್ಯಾಲೆ ಮಾತಾಡ್ತೇನಿ’ ಎಂದು ಫೋನ್ ಇಟ್ಟೆ.

ಬಸ್ ಬಂದಿರಲಿಲ್ಲ.